ಬಾಯಿಬಿಟ್ಟು ಹೇಳಿದ ಮತ

ಕಾತ್ಯಾಯಿನಿಗೆ ಸಿಟ್ಟು ಬಂದರೆ ಪಾತ್ರೆ ತಿಕ್ಕುತ್ತಾಳೆ. ಕೊರೊನಾದ ಮೊದಲ ವರ್ಷ, ಜುಲೈ ತಿಂಗಳಲ್ಲಿ, ಜಪಾನಿನ ಹಮಾಮತ್ಸುವಿನ ಆ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಫಳಫಳ ಹೊಳೆಯದ ಪಾತ್ರೆಯೇ ಇರಲಿಲ್ಲ.

ಮೈಸೂರಿನ ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದವಳು. ಗಂಡ ಮಧುಕರನಿಗೆ ಇಲ್ಲಿಯ ಕಾರು ಕಾರ್ಖಾನೆಯಲ್ಲಿ ಕೆಲಸವಾದಾಗ ಅದನ್ನು ಬಿಟ್ಟು ಬಂದಳು. ಮಾರ್ಚ್‌ನಲ್ಲಿ ಅಪ್ಪನ ತಿಥಿಗೆಂದು ಊರಿಗೆ ಹೋದ ಮಧುಕರ ಅಲ್ಲೇ ಸಿಕ್ಕಿಬಿದ್ದ. ಮೊದಲು ವಿಮಾನಗಳು ನಿಂತವು, ಆಮೇಲೆ ಜಪಾನ್ ಬಾಗಿಲು ಹಾಕಿಕೊಂಡಿತು. ಜಪಾನೀಯರು ಎಲ್ಲಿಂದ ಬೇಕಾದರೂ ಮನೆಗೆ ಮರಳಬಹುದು. ಇಲ್ಲೇ ತೆರಿಗೆ ಕಟ್ಟಿಕೊಂಡು, ಮಗಳನ್ನು ಇಲ್ಲೇ ಶಾಲೆಗೆ ಸೇರಿಸಿದ ವಿದೇಶೀಯನಿಗೆ ಮಾತ್ರ ಪ್ರವೇಶವಿಲ್ಲ. ಈ ವೈರಸ್ಸು ಪಾಸ್‌ಪೋರ್ಟ್ ನೋಡಿ ಹತ್ತಿಕೊಳ್ಳುತ್ತದೆಯೇ ಎಂದು ಕೇಳಿದರೆ ವಲಸೆ ಕಚೇರಿಯ ಕೌಂಟರಿನಲ್ಲಿದ್ದವರು ಬಗ್ಗಿ ಬಗ್ಗಿ ಸುಮಿಮಾಸೆನ್ ಅಂದರು. ಅಷ್ಟು ಮರ್ಯಾದೆಯಿಂದ ಕ್ಷಮೆ ಕೇಳುವವರ ಮೇಲೆ ಕೂಗಾಡುವುದಾದರೂ ಹೇಗೆ? ಮಗಳು ಇಂಚರಾ ಅಪ್ಪ ಯಾವಾಗ ಬರ್ತಾರೆ ಎಂದು ಕೇಳುವುದನ್ನೇ ಬಿಟ್ಟಿದ್ದಳು. ಅದು ಕಾತ್ಯಾಯಿನಿಯ ಹೊಟ್ಟೆ ಉರಿಸುತ್ತಿತ್ತು.

ಹೀಗೆ ಸಿಕ್ಕಿಕೊಂಡವರ ಪರವಾಗಿ ರಾಯಭಾರ ಕಚೇರಿಗೊಂದು ಮನವಿ ಕೊಡಿ ಎಂದು ಅವಳು ಕನ್ನಡ ಕೂಟದ ಅಧ್ಯಕ್ಷ ಹರಿಪ್ರಸಾದರನ್ನು ಗೋಗರೆದಿದ್ದಳು. ಅವರು ಟೋಕಿಯೊದಲ್ಲಿ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರ ಮ್ಯಾನೇಜರು. ಜಪಾನೀಯರ ಮುಂದೆ ಗೊಣಗುವವರೆನಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಕಳಿಸ್ತೀವಿ, ಕಳಿಸ್ತೀವಿ ಅನ್ನುತ್ತಿದ್ದರೇ ಹೊರತು ಕಳಿಸಲಿಲ್ಲ. ಅವರ ಸಮಿತಿಯ ಅವಧಿ ಯುಗಾದಿಗೇ ಮುಗಿದಿತ್ತು. ಹಾಗಾದರೆ ಚುನಾವಣೆ ಮಾಡಿ, ಅಧ್ಯಕ್ಷಗಿರಿಗೆ ನಾನೇ ನಿಲ್ಲುತ್ತೇನೆ, ಗೆದ್ದ ದಿನವೇ ಮನವಿ ಕಳಿಸುತ್ತೇನೆ ಎಂದು ಕಾತ್ಯಾಯಿನಿ ಪಟ್ಟು ಹಿಡಿದಳು.

ಜೂಮ್‌ನಲ್ಲಿ ಸಭೆ ಸೇರಿತು. ಹರಿಪ್ರಸಾದರು ಎಲ್ಲರನ್ನೂ ಮ್ಯೂಟ್ ಮಾಡಿ, ಎಲ್ಲರ ಪರವಾಗಿ ತಾವೊಬ್ಬರೇ ಮನಸಾರೆ ಮಾತಾಡಿದರು. ಕೊನೆಗೆ ಕಾತ್ಯಾಯಿನಿಯೊಬ್ಬಳ ಮ್ಯೂಟ್ ತೆಗೆದು ಕೇಳಿದರು.

"ಇದೂ ಒಂಥರಾ ಯುದ್ಧಾನೇ ಮೇಡಂ. ಯುದ್ಧದ ಟೈಮಲ್ಲಿ ಯಾರಾದ್ರೂ ಎಲೆಕ್ಷನ್ ಮಾಡ್ತಾರಾ?"

ಇತಿಹಾಸದ ಮೇಡಮ್ಮನನ್ನು ಕೇಳಬಾರದ ಪ್ರಶ್ನೆ ಅದು.

"ಮಾಡಿದಾರೆ ಸರ್. ನ್ಯೂಯಾರ್ಕಲ್ಲಿ, 1777ರಲ್ಲಿ."

ತರಗತಿಯೇ ಶುರುವಾಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲ, ನ್ಯೂಯಾರ್ಕ್ ಪಟ್ಟಣ ಬ್ರಿಟಿಷರ ಕೈಯಲ್ಲಿತ್ತು, ಉತ್ತರದಿಂದ ಇನ್ನೊಂದು ಸೈನ್ಯ ಇಳಿದು ಬರುತ್ತಿತ್ತು. ಆದರೂ ಆ ರಾಜ್ಯದ ಉಳಿದ ಜಿಲ್ಲೆಗಳ ಜನ ತಮ್ಮ ಮೊದಲ ಶಾಸನಸಭೆಯನ್ನು ಆರಿಸಿದರು. ಹೆಂಗಸರಿಗೆ, ಗುಲಾಮರಿಗೆ ಮತವಿರಲಿಲ್ಲ, ನಿಜ. ಆದರೆ ಮತವಿದ್ದವರು ಯುದ್ಧದ ನೆಪ ಹೇಳಿ ಮನೆಯಲ್ಲಿ ಕೂರಲಿಲ್ಲ. ಆ ಸಭೆ ಸೇರಿದ ಊರನ್ನು ಶರತ್ಕಾಲ ಕಳೆಯುವುದರೊಳಗೆ ಬ್ರಿಟಿಷರು ಸುಟ್ಟುಹಾಕಿದರು.

ಹರಿಪ್ರಸಾದರು ಅಷ್ಟರಲ್ಲಿ ಗೂಗಲ್ ಮಾಡಿದ್ದರು. ಶತ್ರುಗಳ ಕೈಯಲ್ಲಿದ್ದ ಜಿಲ್ಲೆಗಳಿಗೆ ಚುನಾವಣೆಯಿಲ್ಲದೆ ಸದಸ್ಯರನ್ನು ನೇಮಿಸಿದ್ದರಂತಲ್ಲ ಎಂದು ನಕ್ಕು, ಹಾಗೇ ಹಮಾಮತ್ಸು ಪರವಾಗಿ ನಿಮ್ಮನ್ನೂ ಸಮಿತಿಗೆ ನೇಮಿಸಿಬಿಡ್ತೀವಿ, ಬನ್ನಿ ಎಂದರು.

ಕಾತ್ಯಾಯಿನಿಗೆ ಮೈಯೆಲ್ಲಾ ಉರಿಯಿತು. ಯಾರೂ ಆರಿಸದ ಅಂಥವರು ಯುದ್ಧ ಮುಗಿಯುವ ತನಕ ಆ ಜನರ ಹೆಸರು ಹೇಳಿಕೊಂಡು ಕುರ್ಚಿಯಲ್ಲಿದ್ದರು ಎಂಬುದೂ ಅವಳಿಗೆ ಗೊತ್ತಿತ್ತು. ಬಾಯಿ ಮುಚ್ಚಿಸಲು ಕೊಡುವ ಕುರ್ಚಿ ತನಗೆ ಬೇಡ ಎಂದಳು. ಅಲ್ಲಿಗೇ ನಿಲ್ಲಿಸಬೇಕಿತ್ತು. ಸಿಟ್ಟಿನ ಭರದಲ್ಲಿ ಇನ್ನೊಂದು ಮಾತು ಸೇರಿಸಿದಳು.

"ಆ ಎಲೆಕ್ಷನ್ನಲ್ಲಿ ಚೀಟಿ ಇರ್ಲಿಲ್ಲ ಸರ್. ಒಬ್ಬೊಬ್ರೂ ಎದ್ದು ನಿಂತು, ಎಲ್ಲರ ಮುಂದೆ ಬಾಯಿಬಿಟ್ಟು ಹೆಸರು ಹೇಳ್ತಿದ್ರು. ನಾವೂ ಹಾಗೇ ಮಾಡೋಣ. ಎಲ್ಲರ ಮ್ಯೂಟ್ ತೆಗೀರಿ."

ಹರಿಪ್ರಸಾದರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಬಹಳ ಸಂತೋಷದಿಂದ ಮ್ಯೂಟ್ ತೆಗೆದರು.

ಮೊದಲು ಬಾಯಿಬಿಟ್ಟವಳು ಒಸಾಕಾದ ಜಾಹ್ನವಿ. ನಿಮಗೇ ಹಾಕೋದು ಕಾತ್ಯಾ ಎಂದು ಹಿಂದಿನ ದಿನ ತಾನೇ ಫೋನಿನಲ್ಲಿ ಹೇಳಿದ್ದವಳು. ಅವಳ ಗಂಡನಿಗೆ ಕೆಲಸ ಕೊಡಿಸಿದವರು ಹರಿಪ್ರಸಾದರು. "ಹರಿಪ್ರಸಾದ್ ಸರ್," ಎಂದಳು, ಕ್ಯಾಮೆರಾದಿಂದ ಮುಖ ತಿರುಗಿಸಿ. ಸುಪ್ರೀತ್ ಅವರ ಕೈಕೆಳಗೇ ದುಡಿಯುವವನು. ಅವನೂ ಹಾಗೇ ಅಂದ. ಒಂದೊಂದೇ ಚೌಕದಲ್ಲಿ ಒಂದೊಂದೇ ಮುಖ ಬೆಳಗಿ ಅದೇ ಹೆಸರು ಹೇಳುತ್ತಿತ್ತು. ಹರಿಪ್ರಸಾದರು ಪ್ರತಿಯೊಬ್ಬರಿಗೂ ಕೈಮುಗಿಯುತ್ತಿದ್ದರು. ಮುಲಾಜು ಅನ್ನುವುದೊಂದು ಇದೆ ಎಂಬುದನ್ನೇ ಕಾತ್ಯಾಯಿನಿ ಮರೆತಿದ್ದಳು. ನ್ಯೂಯಾರ್ಕಿನವರು ಮರೆತಿರಲಿಲ್ಲ. ಜಮೀನ್ದಾರ ಎದುರಿಗೇ ನಿಂತಿರುವಾಗ ಗೇಣಿದಾರ ಯಾರ ಹೆಸರು ಹೇಳಿಯಾನು? ಯುದ್ಧ ಮುಗಿದ ಮೇಲೆ ಗುಟ್ಟಾಗಿ ಚೀಟಿ ಹಾಕಿಸಿ ನೋಡೋಣ ಎಂದು ಆಗಲೇ ಸಂವಿಧಾನದಲ್ಲಿ ಬರೆದಿಟ್ಟಿದ್ದರು. ಮಕ್ಕಳಿಗೆ ವರ್ಷ ವರ್ಷ ಹೇಳಿಕೊಟ್ಟ ಪಾಠ ಅದು. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನ್ನಿಸಿತು.

ಕೊನೆಗೆ ಮೈಸೂರಿನಿಂದ ಮಧುಕರನ ಸರದಿ ಬಂತು. ಇದೊಂದಾದರೂ ತನ್ನದು ಎಂದು ಅವಳು ನೆಟ್ಟಗೆ ಕೂತಳು. ಅವನು ಗಂಟಲು ಸರಿಮಾಡಿಕೊಂಡ.

"ಹರಿಪ್ರಸಾದ್ ಸರ್."

ಕಾತ್ಯಾಯಿನಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿದಳು. ಅವಳಿಗೆ ಬಿದ್ದದ್ದು ಅದೊಂದೇ.

ಸಭೆ ಮುಗಿದದ್ದೇ ತಡ, ಮಧುಕರನ ಫೋನ್ ಬಂತು. ಅವಳು ಆಗಲೇ ಸ್ವಚ್ಛವಾಗಿದ್ದ ಕುಕ್ಕರನ್ನು ತಿಕ್ಕುತ್ತಿದ್ದಳು. ಒದ್ದೆ ಕೈಯಲ್ಲೇ ಎತ್ತಿಕೊಂಡಳು.

"ನಿನ್ನೆ ಅವರೇ ಫೋನ್ ಮಾಡಿದ್ರು ಕಾತ್ಯಾ. ಮನವಿ ಕಳಿಸ್ತೀವಿ, ಅದ್ರಲ್ಲಿ ನನ್ನ ಹೆಸರೇ ಮೊದಲು ಹಾಕ್ತೀವಿ ಅಂದ್ರು. ನಂಗೆ ಮನೆಗೆ ಬರ್ಬೇಕು, ಅಷ್ಟೇ."

"ನಂಗೂ ಎರಡು ತಿಂಗಳಿಂದ ಹಾಗೇ ಅಂತಿದಾರೆ. ಯಾಕ್ರೀ ಕಳಿಸ್ಲಿಲ್ಲ ಅಂತ ಅವರನ್ನ ಕೇಳೋಕೆ ಇದ್ದೋಳು ನಾನೊಬ್ಳೇ. ನೀವೆಲ್ಲ ಸೇರಿ ನನ್ನನ್ನೇ ಸೋಲಿಸಿದ್ರಲ್ಲ. ಇನ್ಮೇಲೆ ಕೇಳೋರು ಯಾರು?"

ಆ ಕಡೆಯಿಂದ ಮಾತಿಲ್ಲ. ಮ್ಯೂಟ್ ಆಗಿರಬೇಕು ಅಂದುಕೊಂಡು ಅವಳು ಫೋನಿನ ಕಡೆ ನೋಡಿದಳು. ಆಗಿರಲಿಲ್ಲ.