ಬಣ್ಣದ ಕೆಳಗಿನ ಬೆಸುಗೆ

ನಮ್ಮ ಬೀದಿಯಲ್ಲಿ ಎಲ್ಲರೂ ಅವಳನ್ನು ಪ್ರೈಮರಕ್ಕ ಎಂದೇ ಕರೆಯುತ್ತಿದ್ದರು. ಗಂಡ ಗಾಡಿಗಳಿಗೆ ರೋಲ್ ಬಾರ್ ಬೆಸೆಯುವವನು, ಇವಳು ಅದಕ್ಕೆ ತುಕ್ಕು ತಡೆಯುವ ಪ್ರೈಮರ್ ಹೊಡೆದು ಕಪ್ಪು ಬಣ್ಣ ಬಳಿಯುವವಳು. ಪಕ್ಕದ ಅಂಗಡಿಯಲ್ಲಿ ಗಾಡಿಗಳ ಸೀಟು ಹೊಲಿಯುವವನು ನಾನು. ಎರಡು ಅಂಗಡಿಗಳ ನಡುವೆ ಇರುವುದು ಒಂದು ತಗಡಿನ ಗೋಡೆ, ಅದೂ ತೂತು. ಇಪ್ಪತ್ತೆರಡು ವರ್ಷ ಅವರ ಜಗಳ, ನಗು, ಪೈಪು ಕತ್ತರಿಸುವ ಗ್ರೈಂಡರಿನ ಕಿರುಚಾಟ ಎಲ್ಲವನ್ನೂ ಪುಕ್ಕಟೆಯಾಗಿ ಕೇಳಿದ್ದೇನೆ. ಅವಳನ್ನು ಅಕ್ಕ ಎನ್ನುತ್ತೇನೆ, ಅವನನ್ನು ಭಾವ ಎನ್ನುತ್ತೇನೆ.

ಕಲ್ಲು, ಹಳ್ಳ, ಗುಡ್ಡ ಹತ್ತಿ ಇಳಿಯುವ ಆಫ್‌ರೋಡ್ ಗಾಡಿಗಳದ್ದೇ ಅವರ ಕೆಲಸ. ಕಾಲಿಟ್ಟು ಹತ್ತಲು ಬದಿಗೆ ಸ್ಟೆಪ್ ಬಾರ್, ಗಾಡಿ ಮಗುಚಿದರೆ ಕೂತವರ ತಲೆ ಉಳಿಯಲು ಮೇಲೆ ರೋಲ್ ಬಾರ್. ಸ್ಟೆಪ್ ಬಾರ್ ಕೆಟ್ಟರೆ ಮೊಣಕಾಲು ತರಚುತ್ತದೆ. ರೋಲ್ ಬಾರ್ ಕೆಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಭಾವ ಪೈಪಿನ ತುದಿಯನ್ನು ಮೀನಿನ ಬಾಯಿಯಂತೆ ಕತ್ತರಿಸಿ ಇನ್ನೊಂದು ಪೈಪಿಗೆ ಕೂರಿಸಿದರೆ ನಡುವೆ ಕಾಗದ ತೂರುತ್ತಿರಲಿಲ್ಲ. ತೆಳು ತಗಡಿಗೇ ಬೋಲ್ಟ್ ಹಾಕಿಕೊಡಿ, ಚೆಂದ ಕಂಡರೆ ಸಾಕು ಎಂದು ಬಂದವರನ್ನು ಬೈದು ಕಳಿಸುತ್ತಿದ್ದ. ದಪ್ಪ ಪ್ಲೇಟು ಕೊಟ್ಟು, ಗಾಡಿಯ ಅಡಿಗಟ್ಟಾದ ಚಾಸಿಗೇ ಬೋಲ್ಟ್ ಬಿಗಿದರೆ ಮಾತ್ರ ಅವನಿಗೆ ಸಮಾಧಾನ.

ಅಕ್ಕನ ತಂದೆ ಬೋರ್ಡು ಬರೆಯುವವರು. ಬಣ್ಣದ ವಾಸನೆಯಲ್ಲೇ ಬೆಳೆದವಳು. ಪ್ರೈಮರ್ ಹೊಡೆಯುವ ಮುಂಚೆ ಪ್ರತಿ ಬೆಸುಗೆಯ ಸುತ್ತ ಬೆರಳಾಡಿಸುತ್ತಿದ್ದಳು. ಎಲ್ಲಾದರೂ ಸಣ್ಣ ಗುಳಿ ಸಿಕ್ಕರೆ, "ರೀ, ಇಲ್ಲೊಂದು ಹಲ್ಲು ಬಿದ್ದಿದೆ" ಎಂದು ಕೂಗುವಳು. ಅವನು ಗೊಣಗುತ್ತ ಬಂದು ಮತ್ತೆ ಬೆಸೆಯುವನು. ಅವಳ ಕೈಗೆ ಸಿಗದೆ ಒಂದು ಬಾರೂ ಗಾಡಿ ಹತ್ತುತ್ತಿರಲಿಲ್ಲ.

ಹೋದ ವರ್ಷ ಭಾವನಿಗೆ ಬೆಸೆಯುವಾಗ ಹಾಕುವ ಮುಖವಾಡದ ಕಪ್ಪು ಗಾಜಿನ ಮೇಲೆ ಸಿಟ್ಟು ಶುರುವಾಯಿತು. ಮಬ್ಬು, ಮಬ್ಬು ಎನ್ನುತ್ತ ವಾರಕ್ಕೊಂದು ಗಾಜು ಬದಲಿಸಿದ. ಗಾಜು ಮಾರುವವನಿಗೆ ಹಿಡಿಶಾಪ ಹಾಕಿದ. "ಭಾವ, ಗಾಜು ಬಿಟ್ಟು ಮುಖ ಬದಲಿಸಿ ನೋಡಿ" ಎಂದು ನಾನೂ ತಮಾಷೆ ಮಾಡಿದೆ. ಆ ಮಾತಿಗೆ ಈಗ ನಾಚಿಕೆಯಾಗುತ್ತದೆ. ಗಾಜಿಗೆ ಏನೂ ಆಗಿರಲಿಲ್ಲ, ಅವನ ಕಣ್ಣಿಗೆ ಪೊರೆ ಬಂದಿತ್ತು.

ಅದು ಮೊದಲು ಗೊತ್ತಾದದ್ದು ಅಕ್ಕನ ಬೆರಳಿಗೆ. ಬೆಸುಗೆ ನೋಡಲು ಅಂದವಾಗಿಯೇ ಇತ್ತು, ಆದರೆ ಸಂದಿಯ ಮೇಲೆ ಕೂರದೆ ಅರ್ಧ ಬೆರಳಗಲ ಪಕ್ಕಕ್ಕೆ ಸರಿದಿತ್ತು. ಎರಡು ಪೈಪುಗಳ ನಡುವಿನ ಸೀಳು ಹಾಗೇ ಉಳಿದಿತ್ತು. ಆ ದಿನ ಅವಳು "ರೀ" ಎಂದು ಕೂಗಲಿಲ್ಲ. ಕೆಲಸವೇ ತನ್ನ ಜೀವ ಎಂದು ಎದೆ ತಟ್ಟಿಕೊಳ್ಳುವ ಗಂಡಸಿಗೆ ನಿನ್ನ ಕಣ್ಣು ಹೋಯಿತು ಎಂದು ಹೇಗೆ ಹೇಳುವುದು? ಡಬ್ಬಿಯಿಂದ ಪುಟ್ಟಿ ತೆಗೆದು ಸೀಳು ತುಂಬಿ, ಉಜ್ಜಿ, ಬಣ್ಣ ಹೊಡೆದಳು. ಪುಟ್ಟಿ ಡೊಂಕು ಮುಚ್ಚುತ್ತದೆ, ಭಾರ ಹೊರುವುದಿಲ್ಲ. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಎಂಟು ತಿಂಗಳಲ್ಲಿ ಹೀಗೆ ಮೂರು ರೋಲ್ ಬಾರ್ ಆದವು. ಇದೆಲ್ಲ ಗುಟ್ಟು ಬಯಲಾದ ಮೇಲೆ ಅವಳೇ ನನಗೆ ಹೇಳಿದ್ದು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಗಂಡನ ಮಾನ ಕಾಯಲು ಕಂಡವರ ತಲೆ ಒತ್ತೆ ಇಡುತ್ತಾರೆಯೇ ಎಂದು ಕೇಳಿಯೂ ಬಿಟ್ಟೆ.

ಮೂರನೆಯ ಗಾಡಿ ಗುಡ್ಡದ ಮೇಲಿನ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುವ ನರ್ಸಮ್ಮನದು. ಒಂದು ಮಧ್ಯಾಹ್ನ ಅವರು ಗಾಡಿ ಒಯ್ಯಲು ಬಂದರು. ನಾನು ಹಿಂದಿನ ಸೀಟಿನ ಪಟ್ಟಿ ಬಿಗಿಯುತ್ತಿದ್ದೆ. ಅವರು ಸ್ಟೆಪ್ ಬಾರ್ ಮೇಲೆ ನಿಂತು ರೋಲ್ ಬಾರನ್ನು ಎರಡು ಸಲ ತಟ್ಟಿದರು.

"ಇನ್ನು ಬಸುರಿಯರನ್ನ ಧೈರ್ಯವಾಗಿ ಕೂರಿಸ್ಕೊಂಡು ಇಳೀತೀನಿ ಕಣಮ್ಮ. ಮಗುಚಿದ್ರೂ ನಿಮ್ಮ ಯಜಮಾನರ ಕೈ ನಮ್ಮ ತಲೆ ಮೇಲಿದೆ."

ಅಕ್ಕ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಕೆಳಗೆ ಹಾಕಿದಳು. ನನ್ನ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ಎತ್ತಿಕೊಂಡು ಗಾಡಿ ಹತ್ತಿದವಳೇ, ಫಳಫಳ ಹೊಳೆಯುವ ಬಣ್ಣವನ್ನು ಕೆರೆಯತೊಡಗಿದಳು. ಮೊದಲು ಕಪ್ಪು ಸಿಪ್ಪೆ, ಆಮೇಲೆ ಬಿಳಿ ಪುಡಿ ಉದುರಿತು. ಭಾವ ಓಡಿ ಬಂದ.

"ಏನೇ, ತಲೆ ಕೆಟ್ಟಿದೆಯಾ? ಹೊಸ ಬಣ್ಣ!"

ಅವಳು ಅವನ ಕೈ ಹಿಡಿದೆಳೆದು ಸಂದಿಯ ಮೇಲಿಟ್ಟಳು. "ನೋಡ್ಬೇಡಿ. ಮುಟ್ಟಿ."

ಅವನ ಹೆಬ್ಬೆರಳಿನ ಉಗುರು ಸೀಳಿನೊಳಕ್ಕೆ ಇಳಿಯಿತು. ಅವನು ಅದನ್ನು ಸಂದಿಯುದ್ದಕ್ಕೂ ಎಳೆದ.

"ಪುಟ್ಟಿ ಹಾಕಿದ್ದು ಯಾರು?"

"ನಾನೇ."

"ಇಂಥವು ಇನ್ನೆಷ್ಟಿವೆ?"

"ಎರಡು."

ನರ್ಸಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಭಾವ ಗ್ರೈಂಡರ್ ತಂದು, ತಾನು ಕಟ್ಟಿದ ಬಾರನ್ನು ತಾನೇ ಕತ್ತರಿಸಿ ಕೆಳಗಿಳಿಸಿದ. ಆಮೇಲೆ ಫೋನು ಹಿಡಿದು ಮಿಕ್ಕ ಇಬ್ಬರಿಗೂ ಹೇಳಿದ: "ಗಾಡಿ ತೆಗೀಬೇಡಿ. ನಾನೇ ಬರ್ತೀನಿ. ತಪ್ಪು ನಂದು." ಹೆಂಡತಿಯ ಸುದ್ದಿ ಎತ್ತಲಿಲ್ಲ.

ಒಂದು ಗಾಡಿಯ ಬೆಸುಗೆ ಇನ್ನೂ ಬಿಟ್ಟುಕೊಂಡಿರಲಿಲ್ಲ. ಇನ್ನೊಂದರಲ್ಲಿ ಬೆಸುಗೆಯ ಪಕ್ಕದ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದರ ಮಾಲೀಕ ಬೀದಿಗೆಲ್ಲ ಕೇಳುವಂತೆ ಕೂಗಾಡಿದ, ಭಾವ ಎಲ್ಲವನ್ನೂ ಕೈಕಟ್ಟಿ ನಿಂತು ಕೇಳಿಸಿಕೊಂಡ. ಹಿಂದಿನ ಬೀದಿಯ ವೆಲ್ಡರನ್ನು ಕರೆದು ಮೂರೂ ಬಾರುಗಳನ್ನು ಹೊಸದಾಗಿ ಮಾಡಿಸಿದರು. ಅವನು ಬೆಸೆಯುವಾಗ ಪೈಪು ಹಿಡಿದುಕೊಂಡು ಕೂತದ್ದು ಭಾವನೇ. ಅದನ್ನು ನೋಡಲಾಗದೆ ನಾನು ಬೆನ್ನು ತಿರುಗಿಸಿ ಹೊಲಿದೆ.

ಆ ಕೆಲಸ ನಡೆದ ಹದಿನೈದು ದಿನ ಗಂಡಹೆಂಡಿರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ನರ್ಸಮ್ಮನ ಗಾಡಿಗೆ ಕೊನೆಯ ಬೋಲ್ಟ್ ಬಿಗಿದು ಕಳಿಸಿದ ಸಂಜೆ, ಇಬ್ಬರೂ ಹೊಸ್ತಿಲ ಮೇಲೆ ಕೂತಿದ್ದರು. ಟೀ ತಂದವನು ನಾನು. ಭಾವ ಲೋಟ ಹಿಡಿದು ರಸ್ತೆ ನೋಡುತ್ತಲೇ ಕೇಳಿದ.

"ಮೊದಲನೇ ದಿನಾನೇ ಹೇಳಿದ್ರೆ ಏನಾಗ್ತಿತ್ತೇ? ಎರಡು ದಿನ ಊಟ ಬಿಟ್ಟು ಮುನಿಸ್ಕೊಂಡಿರ್ತಿದ್ದೆ. ಅಷ್ಟೇ ತಾನೇ?"

"ಆ ಎರಡು ದಿನ ನಿಮ್ಮ ಮುಖ ನೋಡೋ ಧೈರ್ಯ ನನಗಿರ್ಲಿಲ್ಲ ರೀ," ಎಂದಳು ಅಕ್ಕ. ಆಮೇಲೆ ಬೀದಿಯಲ್ಲಿ ಜನ ಓಡಾಡುತ್ತಿದ್ದಾರೆ ಎಂಬುದನ್ನೂ ನೋಡದೆ ಗಟ್ಟಿಯಾಗಿ ಅತ್ತಳು.