ಸಾಲ ತೀರಿಸಲು ಬಂದ ಊರು

ಮೊದಲು ಬಂದದ್ದು ಹಾಡು, ಆಮೇಲೆ ಕಬ್ಬು. ಮಾಘದ ಒಂದು ಬೆಳಗ್ಗೆ ಅಂಕಲಗಿಯಲ್ಲಿ ಎರಡು ಸೂಟ್‌ಕೇಸು, ಒಂದು ಹೊಲಿಗೆ ಯಂತ್ರ, ಇಬ್ಬರು ಮಕ್ಕಳ ಜೊತೆ ನಾನೂ ನಮ್ಮ ಯಜಮಾನರೂ ಬಸ್ಸಿಳಿದು ನಿಂತಿದ್ದೆವು. ಮಂಜಿನಲ್ಲಿ ಎದುರಿನ ರಸ್ತೆಯೇ ಕಾಣುತ್ತಿರಲಿಲ್ಲ. ಆ ಬಿಳುಪಿನೊಳಗಿಂದ ಹಾಡೊಂದು ಎದೆ ಅದುರುವಷ್ಟು ಜೋರಾಗಿ ಹತ್ತಿರ ಹತ್ತಿರ ಬಂತು. ಹಾಡಿನ ಹಿಂದೆಯೇ ಬಣ್ಣದ ಗೊಂಡೆ ಕಟ್ಟಿಕೊಂಡ ಟ್ರ್ಯಾಕ್ಟರಿನ ಮೂತಿ, ಅದರ ಬೆನ್ನಿಗೆ ಒಂದಲ್ಲ, ಎರಡು ಟ್ರೇಲರ್ ಕಬ್ಬು. "ಅಮ್ಮಾ, ಗುಡ್ಡ ಹಾಡ್ಕೊಂಡು ಹೋಯ್ತಾ ಅದೆ" ಎಂದ ಮಗ ಚಿಂತು. ಅವನಿಗಾಗ ಆರು ವರ್ಷ. ನಾನೂ ಕಬ್ಬಿನ ಸೀಮೆಯವಳೇ, ಪಾಂಡವಪುರದವಳು. ಆದರೆ ನಮ್ಮ ಕಡೆ ಕಬ್ಬು ಎತ್ತಿನ ಗಾಡಿಯಲ್ಲಿ ತೂಕಡಿಸುತ್ತ ಹೋಗುವುದನ್ನು ನೋಡಿ ಬೆಳೆದವಳಿಗೆ, ಅದು ಹೀಗೆ ಮದುವೆ ದಿಬ್ಬಣದ ಹಾಗೆ ಹೋಗುವುದನ್ನು ಕಂಡು ನಿಂತಲ್ಲೇ ಕನಸು ಬಿದ್ದಂತಾಯಿತು. ಮಗಳು ಪುಟ್ಟಿ ನನ್ನ ಹೆಗಲ ಮೇಲೆ ಆ ಗದ್ದಲದಲ್ಲೂ ನಿದ್ದೆ ಮಾಡುತ್ತಿದ್ದಳು.

ನಾವು ಊರು ಬಿಟ್ಟದ್ದು ಯಾಕೆಂದು ಪಾಂಡವಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇವರದು ಅಲ್ಲೊಂದು ಫೋಟೊ ಸ್ಟುಡಿಯೊ ಇತ್ತು. ಮದುವೆ ಸೀಸನ್ ನಂಬಿಕೊಂಡು ಸಾಲ ಮಾಡಿ ದೊಡ್ಡ ಕ್ಯಾಮೆರಾ, ಆಲ್ಬಂ ಮಾಡುವ ಯಂತ್ರ ಎಲ್ಲ ತಂದರು. ತಂದ ವರ್ಷವೇ ಕೊರೊನಾ ಬಂತು. ಇಡೀ ಊರಿನ ಮದುವೆಗಳು ಮನೆಯ ಜಗಲಿಯ ಮೇಲೆ, ಮೊಬೈಲಿನ ಫೋಟೊದಲ್ಲಿ ಮುಗಿದುಹೋದವು. ಆಗ ಬಡ್ಡಿ ಕಟ್ಟಲು ಇವರ ಅಕ್ಕ ರತ್ನಕ್ಕ ತಮ್ಮ ಕತ್ತಿನ ಸರವನ್ನೂ ನಾಲ್ಕು ಬಳೆಗಳನ್ನೂ ಬಿಚ್ಚಿ ಕೊಟ್ಟರು. ನಾವು ಗಿರವಿ ಇಟ್ಟೆವು. ಆದರೂ ಸ್ಟುಡಿಯೊ ಉಳಿಯಲಿಲ್ಲ. ಕೊನೆಗೆ ಹುಕ್ಕೇರಿ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ, ಇವರಿಗೆ ಕೆಲಸ ಸಿಕ್ಕಿತು; ಅಲ್ಲಿಗೆ ಹತ್ತಿರವೆಂದು ಅಂಕಲಗಿಗೆ ಬಂದೆವು. ಮೊದಲ ವರ್ಷದ ಸಂಬಳದಲ್ಲಿ ಊರಿನ ಕೈಸಾಲಗಳನ್ನೆಲ್ಲ ಕರಗಿಸಿದೆವು. ರತ್ನಕ್ಕನ ಒಡವೆ ಮಾತ್ರ ಹಾಗೇ ಉಳಿಯಿತು.

ಬಾಡಿಗೆ ಮನೆ ಕೇಳಿಕೊಂಡು ಹೋದಾಗ ಮನೆಯೊಡತಿ ಶಾಂತಕ್ಕ ಮುಂಗಡದ ಮಾತೇ ಎತ್ತಲಿಲ್ಲ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಯಾರ ಪೈಕಿ ನೀವು?" ಎಂದರು. ಯಾವ ಮನೆತನದ ಕಡೆಯವರು, ಇಲ್ಲಿ ಯಾರಿಗೆ ಸಂಬಂಧಿಕರು ಎಂದು ಅದರರ್ಥ. ಯಾರ ಪೈಕಿಯೂ ಅಲ್ಲ ಎಂದೆವು. "ಹಂಗಾದ್ರ ನಮ್ಮ ಪೈಕಿ ಆಗ್ರಿ. ಚಾ ಕುಡೀರಿ ಮೊದಲ" ಎಂದು ಒಳಗೆ ಹೋದರು. ಮನೆ ಎಂದರೆ ಅವರ ಹಿತ್ತಲಿನ ಎರಡು ಕೋಣೆ, ಮೇಲೆ ಪತ್ರಾಸು. ತಗಡಿನ ಹಾಳೆಗೆ ಇಲ್ಲಿನವರು ಪತ್ರಾಸು ಎನ್ನುತ್ತಾರೆ.

ಊರಿನವರು ಫೋನಿನಲ್ಲಿ, ಅಲ್ಲೂ ಕನ್ನಡವೇ ತಾನೇ, ನಿಮಗೇನು ಕಷ್ಟ ಎನ್ನುತ್ತಿದ್ದರು. ಕನ್ನಡವೇ ಹೌದು, ಆದರೆ ಮೊದಲ ತಿಂಗಳು ನಾನು ಅದನ್ನು ನೀರಿನೊಳಗೆ ಕಿವಿಯಿಟ್ಟು ಕೇಳಿದ ಹಾಗೆ ಕೇಳಿದೆ. ದುಡ್ಡು ರೊಕ್ಕ, ಸಂಬಳ ಪಗಾರ, ಪಕ್ಕ ಬಾಜೂ. ಹೊಲಿಗೆಗೆ ಮೊದಲು ಬಂದ ಹೆಂಗಸು "ಜಂಪರ ಹೊಲೀತೀರೇನ್ರಿ?" ಎಂದಾಗ ಬರುವುದಿಲ್ಲ ಎಂದುಬಿಟ್ಟೆ. ರವಿಕೆಗೇ ಜಂಪರ ಎನ್ನುತ್ತಾರೆಂದು ಶಾಂತಕ್ಕ ಹೇಳಿದ ಮೇಲೆ ಬೀದಿಯ ತಿರುವಿನವರೆಗೆ ಓಡಿ ಅವಳನ್ನು ಕರೆತಂದೆ. ಅಲ್ಲಿಂದ ಕೈಗೆ ಕೆಲಸ ಹತ್ತಿತು. ಊಟಕ್ಕೆ ರೊಟ್ಟಿ ಬಡಿಯುವುದನ್ನು ಮಾತ್ರ ಕಲಿತದ್ದು ನಿಧಾನ. ನನ್ನ ರೊಟ್ಟಿ ಭೂಪಟದ ಹಾಗೆ ಹರಿದು ನಿಲ್ಲುತ್ತಿತ್ತು. ಊರಿಂದ ತಂದ ರಾಗಿಹಿಟ್ಟು ಮುಗಿದ ದಿನ ಚಿಂತು ಖಾಲಿ ಡಬ್ಬದೊಳಗೆ ಮೂಗು ತೂರಿಸಿ ಕೂತಿದ್ದ. ಆ ದಿನ ನನಗೆ ಅಳು ಬಂದದ್ದು ನಿಜ.

ಆದರೂ ಒಂದು ಮಾತು ಹೇಳಲೇಬೇಕು. ಇಲ್ಲಿ ನಮ್ಮ ಸಾಲ ಯಾರಿಗೂ ಗೊತ್ತಿರಲಿಲ್ಲ. ಪಾಂಡವಪುರದಲ್ಲಿ ತರಕಾರಿ ಕೊಳ್ಳುವಾಗಲೂ ಬೆನ್ನ ಹಿಂದೆ ಪಿಸುಮಾತು, ಮಗಳಿಗೊಂದು ಹೊಸ ಫ್ರಾಕ್ ಹಾಕಿದರೂ ಎಲ್ಲಿಂದ ಬಂತು ಎಂಬ ನೋಟ. ಇಲ್ಲಿ ನಾನು ಬರೀ ಟೇಲರ್, ಚಿಂತುವಿನ ಅಮ್ಮ. ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಗಾಣಗಳ ಕಡೆಯಿಂದ ಕುದಿಯುವ ಬೆಲ್ಲದ ವಾಸನೆ ತೇಲಿ ಬರುತ್ತಿತ್ತು. ನಮ್ಮ ಆಲೆಮನೆಯ ವಾಸನೆಯೇ, ಸ್ವಲ್ಪವೂ ಬೇರೆಯಲ್ಲ. ಯಂತ್ರ ತುಳಿಯುತ್ತ ಕಣ್ಣು ಮುಚ್ಚಿದರೆ ನಾನು ಯಾವ ಊರಿನಲ್ಲಿದ್ದೇನೆಂದು ಮರೆತುಹೋಗುತ್ತಿತ್ತು, ಸಾಲವೂ ಮರೆತುಹೋಗುತ್ತಿತ್ತು. ಯಾರಿಗೂ ಗೊತ್ತಿಲ್ಲದೆ ಬದುಕುವುದರಲ್ಲಿ ಎಂಥ ಸುಖವಿದೆ ಎನಿಸುತ್ತಿತ್ತು.

ಎರಡನೆಯ ಚಳಿಗಾಲದಲ್ಲಿ ರತ್ನಕ್ಕನ ಫೋನು ಬಂತು. ಮಗಳಿಗೆ ಗಂಡು ಗೊತ್ತಾಗಿತ್ತು, ವೈಶಾಖದಲ್ಲಿ ಮದುವೆ. ಒಡವೆಯ ಮಾತನ್ನು ಅವರು ಎತ್ತಲಿಲ್ಲ. ಎತ್ತದೆ ಹೋದದ್ದೇ ನನಗೆ ಮುಳ್ಳಾಯಿತು. ಮದುವೆಯ ದಿನ ಆ ಹುಡುಗಿ ಬರಿಗತ್ತಿನಲ್ಲಿ ಹಸೆಮಣೆ ಏರಿದರೆ ನಾವು ಯಾವ ಮುಖ ಹೊತ್ತು ಅಕ್ಷತೆ ಹಾಕುವುದು?

ಅದೇ ಹೊತ್ತಿಗೆ ಶಾಂತಕ್ಕ ನನ್ನನ್ನು ಭಿಶಿಗೆ ಸೇರಿಸಿದರು. ಭಿಶಿ ಎಂದರೆ ನಮ್ಮ ಕಡೆಯ ಚೀಟಿ. ಹನ್ನೆರಡು ಹೆಂಗಸರು, ತಿಂಗಳಿಗೆ ಮೂರು ಸಾವಿರ, ಪ್ರತಿ ತಿಂಗಳು ಒಬ್ಬರಿಗೆ ಇಡೀ ಗಂಟು. ಕೂಡುತ್ತಿದ್ದದ್ದು ಪದ್ಮಾ ಕಾಕೂ ಮನೆಯಲ್ಲಿ. ಕಾಕೂ ಎಂದರೆ ಚಿಕ್ಕಮ್ಮ. ಜೈನರ ಮನೆ, ಕಿರಾಣಿ ವ್ಯಾಪಾರ, ನಮ್ಮೊಡನೆ ಕನ್ನಡ, ಸೊಸೆಯೊಡನೆ ಮರಾಠಿ. ಹೊತ್ತು ಮುಳುಗುವುದರೊಳಗೆ ಅವರ ಊಟ ಆಗಬೇಕು, ಹಾಗಾಗಿ ಭಿಶಿ ನಡೆಯುವುದು ಇಳಿಹೊತ್ತಿನಲ್ಲಿ. ಬಾಗಿಲಿನಿಂದ ಬರುವ ಹಳದಿ ಬಿಸಿಲಿನಲ್ಲಿ ಹೆಂಗಸರ ಮುಖಗಳೆಲ್ಲ ಚಿನ್ನದ ಬಣ್ಣಕ್ಕೆ ತಿರುಗುತ್ತಿದ್ದವು. ನನಗೋ ಎಲ್ಲೆಲ್ಲೂ ಚಿನ್ನವೇ ಕಾಣುವ ಕಾಲ.

ಮೊದಲ ದಿನವೇ ನಾನು ಎಡವಟ್ಟು ಮಾಡಿದೆ. ನಮ್ಮ ಕಡೆ ಚೀಟಿಯನ್ನು ಕೂಗುತ್ತಾರಲ್ಲ, ಹಣದ ಅವಸರ ಇರುವವರು ಇಷ್ಟು ಬಿಟ್ಟುಕೊಡುತ್ತೇನೆ ಎಂದು ಕೂಗಿ ಎತ್ತಿಕೊಳ್ಳುತ್ತಾರೆ, ಬಿಟ್ಟದ್ದನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಕಾಕೂ ಚಾ ಕೊಟ್ಟು ಕೂತ ಕೂಡಲೇ ನಾನು ಗಂಟಲು ಸರಿಮಾಡಿಕೊಂಡು, "ನನ್ನದು ಐದು ಸಾವಿರ" ಎಂದು ಕೂಗಿದೆ.

ಚಾದ ಬಸಿಗಳು ಎಲ್ಲರ ಕೈಯಲ್ಲೇ ನಿಂತವು.

"ಎದರದು ಐದ ಸಾವಿರ?" ಎಂದರು ಕಾಕೂ.

ನಾನು ವಿವರಿಸಿದೆ. ಐದು ಸಾವಿರ ಬಿಟ್ಟುಕೊಡುತ್ತೇನೆ, ಗಂಟು ನನಗಿರಲಿ ಎಂದೆ. ಕಾಕೂ ಮುಖ ಕೆಂಪಾಯಿತು. "ಯವ್ವಾ, ಇದೇನ ಲಿಲಾವ ಐತೇನ? ನಿನಗ ಅಡಚಣಿ ಇದ್ರ ಬಾಯಿ ಬಿಟ್ಟ ಹೇಳು. ನಿನ್ನ ರೊಕ್ಕಾ ಹಂಚಿಕೊಂಡ ತಿನ್ನಾಕ ನಾವೇನ ಬಡ್ಡಿ ಮಂದಿ ಅದೇವೇನ?"

ಲಿಲಾವ ಎಂದರೆ ಹರಾಜು; ಇಲ್ಲಿ ಅದಿಲ್ಲ, ಇಲ್ಲಿನ ರೀತಿ ಹೀಗೆ ಎಂದು ಶಾಂತಕ್ಕ ಆಮೇಲೆ ತಿಳಿಸಿದರು. ಹೆಸರು ಬರೆದ ಚೀಟಿಗಳನ್ನು ಒಂದು ಗಿಂಡಿಯಲ್ಲಿ ಹಾಕಿ ಒಂದನ್ನು ಎತ್ತುತ್ತಾರೆ. ಯಾರಿಗಾದರೂ ಅಡಚಣೆ ಇದ್ದರೆ ಎಲ್ಲರೆದುರು ಹೇಳಬೇಕು. ಹೇಳಿದರೆ, ಚೀಟಿ ಬಂದವರು ತಮ್ಮ ಪಾಳಿ ಬಿಟ್ಟುಕೊಡಬಹುದು. ಬಡ್ಡಿಯಿಲ್ಲ, ನಷ್ಟವಿಲ್ಲ. ಕೇಳುವುದಕ್ಕೆ ಎಷ್ಟು ಸುಲಭ! ನಮ್ಮ ಕಡೆ ಐದು ಸಾವಿರ ಬಿಟ್ಟರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಆ ಐದು ಸಾವಿರ ನಮ್ಮ ಮರ್ಯಾದೆಯ ಬೆಲೆ. ಇಲ್ಲಿ ಹಣ ಪುಕ್ಕಟೆ, ಬಾಯಿ ಬಿಡುವುದೇ ಬೆಲೆ. "ಏನಾರ ಅಡಚಣಿ ಐತೇನ?" ಎಂದು ಶಾಂತಕ್ಕ ಕೇಳಿದರು. "ಇಲ್ಲ, ಸುಮ್ಮನೆ ಅಂದೆ" ಎಂದೆ.

ಆ ತಿಂಗಳ ಗಂಟು ಬೇರೊಬ್ಬರಿಗೆ ಹೋಯಿತು. ಮುಂದಿನ ತಿಂಗಳದ್ದೂ ಹೋಯಿತು. ನಾನು ತುಟಿ ಹೊಲಿದುಕೊಂಡೇ ಕೂತಿದ್ದೆ. ಕಾರ್ಖಾನೆಯಲ್ಲಿ ಮುಂಗಡ ಕೇಳಿದರೆ ಸೀಸನ್ ಮುಗಿಯಲಿ ಎಂದರಂತೆ. ಇವರು ರಾತ್ರಿ ಪಾಳಿ ಮಾಡಿ ಬಂದವರೇ ಮಲಗಿಬಿಡುತ್ತಿದ್ದರು.

ಆ ನಡುವೆ ಒಂದು ಭಾನುವಾರ ಶಾಂತಕ್ಕನ ಜೊತೆ ಮೂಡಲಗಿಗೆ, ಅವರ ಮಗಳ ಮನೆಗೆ ಹೋದೆವು. ಬರುವಾಗ ಮಕ್ಕಳಿಗಾಗಿ ಗೋಕಾಕದಲ್ಲಿ ಇಳಿದು ಫಾಲ್ಸ್ ನೋಡಿದೆವು. ಬೇಸಿಗೆಯಾದ್ದರಿಂದ ಬಂಡೆಗಳ ಮೇಲೆ ನೀರು ಕೂದಲೆಳೆಯ ಹಾಗೆ ಇಳಿಯುತ್ತಿತ್ತು. ತೂಗುಸೇತುವೆಯ ಮೇಲೆ ನಿಂತಾಗ ಗಾಳಿಗೆ ಅದು ಮೆಲ್ಲಗೆ ತೂಗಿತು. ಕೆಳಗೆ ಪಾತಾಳ, ಮೇಲೆ ಹದ್ದುಗಳು, ಸೊಂಟದ ಮೇಲೆ ಪುಟ್ಟಿ. ಮಳೆಗಾಲದಲ್ಲಿ ಇದೇ ನೀರು ಕೆಂಪಗೆ ಭೋರ್ಗರೆಯುತ್ತದೆಂದು ಶಾಂತಕ್ಕ ಹೇಳುತ್ತಿದ್ದರು. ನನಗೆ ಆ ಕೆಂಪು ನೀರು ಕಣ್ಣೆದುರೇ ಬಂದಂತಾಗಿ, ಅದರಲ್ಲಿ ಸರವೂ ಬಳೆಯೂ ತೇಲಿಹೋಗುವುದು ಕಂಡಿತು. "ಯಾಕವಾ, ಮಾರಿ ಸಣ್ಣ ಆಗೇತಿ?" ಎಂದು ಶಾಂತಕ್ಕ ನನ್ನ ಮುಖ ನೋಡಿದರು. ತಲೆ ಸುತ್ತು ಎಂದೆ.

ಮೂರನೆಯ ಭಿಶಿ. ಮದುವೆಗೆ ಇನ್ನು ಒಂದೇ ತಿಂಗಳಿತ್ತು. ಕಾಕೂ ಗಿಂಡಿಗೆ ಕೈ ಹಾಕಿ ಚೀಟಿ ಬಿಚ್ಚಿದರು. ಶಾಂತಕ್ಕನ ಹೆಸರು ಬಂದಿತ್ತು. ಎಲ್ಲರಿಗೂ ಖುಷಿ. ನಮ್ಮ ಮನೆಯ ಪತ್ರಾಸು ತೂತು ಬಿದ್ದಿದ್ದವು, ಮಳೆಗೆ ಮೊದಲು ಹೊಸವು ಹಾಕಿಸಬೇಕೆಂದು ಅವರು ವರ್ಷದಿಂದ ಹೇಳುತ್ತಿದ್ದರು. ಬಿಸಿಲು ಹೊಸ್ತಿಲಿನಿಂದ ಸರಿಯುತ್ತಿತ್ತು. ಇನ್ನೇನು ಕಾಕೂ ಊಟಕ್ಕೆ ಏಳುತ್ತಾರೆ, ಎಲ್ಲರೂ ಎದ್ದು ಹೋಗುತ್ತಾರೆ.

"ಕಾಕೂ, ನನಗೆ ಅಡಚಣೆ ಇದೆ" ಎಂದೆ.

ಒಮ್ಮೆ ಬಾಯಿ ತೆರೆದ ಮೇಲೆ ಎಲ್ಲ ಬಂತು. ಸ್ಟುಡಿಯೊ, ಕ್ಯಾಮೆರಾ, ರತ್ನಕ್ಕ, ಆ ಹುಡುಗಿಯ ಮದುವೆ. ಹೇಳುತ್ತ ನೆಲ ನೋಡುತ್ತಿದ್ದೆ. ಪಾಂಡವಪುರದ ಪಿಸುಮಾತು ಇಲ್ಲೂ ಶುರುವಾಗುತ್ತದೆ, ಇನ್ನು ಈ ಊರೂ ಹೋಯಿತು ಎಂದುಕೊಂಡೆ. ತಲೆ ಎತ್ತಿದರೆ ಒಬ್ಬಾಕೆ "ಬಳಿ ಎಷ್ಟ ತೊಲಿದಾವು?" ಎಂದು ಕೇಳಿದಳು. ಇನ್ನೊಬ್ಬಳು ತನ್ನ ಗಂಡ ಟ್ರ್ಯಾಕ್ಟರಿಗೆಂದು ತನ್ನ ಕೈಯ ಪಾಟಲಿ ಬಳೆ ಗಿರವಿ ಇಟ್ಟದ್ದನ್ನು, ಅಡಿಗೆಯ ಮಾತಾಡುವ ಹಾಗೆ, ಹೇಳತೊಡಗಿದಳು. ಸಿಟ್ಟಾದದ್ದು ಶಾಂತಕ್ಕ ಒಬ್ಬರೇ.

"ಎರಡ ತಿಂಗಳ ಯಾಕ ಸುಮ್ಮ ಕುಂತಿ? ಅವತ್ತ ಕೇಳಿದ್ನೆಲ್ಲ ನಾ? ಫಾಲ್ಸ್‌ನ್ಯಾಗೂ ಕೇಳಿದ್ನಿ. ನಾವೇನ ಹೊರಗಿನವರೇನ?" ಎಂದು ಗದರಿ, ಗಂಟನ್ನು ನನ್ನ ಮಡಿಲಿಗೆ ಹಾಕಿದರು. "ಪತ್ರಾಸ ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದಲ ಆ ಹುಡಿಗಿ ಕೊಳ್ಳಾಗ ಸರ ಬೀಳ್ಲಿ."

ಅದೇ ವಾರ ಅಡ್ಡಮಳೆ ಹೊಡೆಯಿತು. ಬೇಸಿಗೆಯ ನಡುವೆ ಗುಡುಗಿಕೊಂಡು ಬರುವ ಮಳೆ ಅದು. ಅಡಿಗೆಮನೆಯಲ್ಲಿ ನಾಲ್ಕು ಕಡೆ ಸೋರಿತು. ಬೋಗುಣಿ, ತಂಬಿಗೆ ಇಟ್ಟೆವು. ಮಕ್ಕಳಿಗೆ ಅದೊಂದು ಹಬ್ಬ. ಹೊರಗಿಂದ ಶಾಂತಕ್ಕ ಕೂಗಿದರು: "ಸೋರಾಕತ್ತೇತೇನ?" ಹನಿ ನೇರ ನನ್ನ ತಲೆಯ ಮೇಲೆ ಬೀಳುತ್ತಿತ್ತು. "ಇಲ್ರೀ" ಎಂದು ಕೂಗಿದೆ. ಅವರು ನಂಬಲಿಲ್ಲ, ನನಗೂ ಅದು ಗೊತ್ತಿತ್ತು.

ಗಂಟಿಗೆ, ಸೀಸನ್ ಮುಗಿದು ಇವರಿಗೆ ಸಿಕ್ಕ ಮುಂಗಡವನ್ನೂ ಸೇರಿಸಿ ಒಡವೆ ಬಿಡಿಸಿದೆವು. ಮದುವೆಯ ಹಿಂದಿನ ದಿನ ಪಾಂಡವಪುರಕ್ಕೆ ಹೋಗಿ ರತ್ನಕ್ಕನ ಕೈಗಿಟ್ಟಾಗ ಅವರು ಬಿಚ್ಚಿಯೂ ನೋಡದೆ ನನ್ನನ್ನು ಅಪ್ಪಿಕೊಂಡರು. ಮರುದಿನ ಹಸೆಯ ಮೇಲೆ ಆ ಸರ ಹೊಳೆಯಿತು. ನಾನು ಅಕ್ಷತೆ ಹಾಕಿದೆ, ಎರಡು ಸಲ ಹಾಕಿದೆ. ಊರು ನನ್ನನ್ನು ನೋಡುವ ನೋಟ ಬದಲಾಗಿತ್ತು. ಮುಖ ತಿರುಗಿಸುತ್ತಿದ್ದವರು ಎಲೆ ಹಾಕಿ ಕೂರಿಸಿ ಬಡಿಸಿದರು. ಸಾರಿನ ಜೊತೆ ಮುದ್ದೆ ನುಂಗುತ್ತ ಚಿಂತು ಕಣ್ಣು ಮುಚ್ಚಿಕೊಂಡಿದ್ದ. ನಾನು ಅಲ್ಲಿಯವಳೇ, ಎಂದೂ ಹೋಗಿರಲೇ ಇಲ್ಲ ಅನಿಸಿಬಿಟ್ಟಿತು.

ಹೊರಡುವ ಸಂಜೆ ರತ್ನಕ್ಕ ನಮ್ಮಿಬ್ಬರನ್ನೂ ಕೂರಿಸಿಕೊಂಡರು. "ಸಾಲ ತೀರ್ತಲ್ಲ ಕಣವ್ವ. ಇನ್ಯಾಕೆ ಅಷ್ಟು ದೂರ? ನಮ್ ಮುಂದ್ಗಡೆ ಮಳಿಗೆ ಖಾಲಿ ಅದೆ. ಮತ್ತೆ ಸ್ಟುಡಿಯೊ ಹಾಕ್ಕಳ್ಳಿ, ಬಂದ್ಬುಡಿ."

ಇವರು ನನ್ನ ಮುಖ ನೋಡಿದರು. ಇದೇ ಮಾತಿಗಾಗಿ ನಾನು ಅಂಕಲಗಿಯ ಮೊದಲ ಚಳಿಗಾಲವಿಡೀ ಹಂಬಲಿಸಿದ್ದೆ.

"ಭಿಶಿ ಕಂತು ಇನ್ನೂ ಒಂಬತ್ತು ಉಳಿದದೆ ಅಕ್ಕ. ಅದು ಮುಗೀಲಿ" ಎಂದೆ.

ಕಂತನ್ನು ಫೋನಿನಲ್ಲೇ ಕಳಿಸಬಹುದು. ಅದು ನನಗೆ ಗೊತ್ತು, ರತ್ನಕ್ಕನಿಗೂ ಗೊತ್ತು. ಮೊನ್ನೆಯಷ್ಟೇ ಅಡುಗೆಯವರಿಗೆ ಮುಂಗಡವನ್ನು ಅವರು ಹಾಗೇ ಕಳಿಸಿದ್ದರು. ಅವರು ಎದ್ದು ಒಳಗೆ ಹೋಗಿ, ಐದು ಸೇರು ರಾಗಿಹಿಟ್ಟನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ತಂದು ನನ್ನ ಚೀಲಕ್ಕೆ ಹಾಕಿದರು.