ಮಿರ್ದಿಫ್‌ನ ಮಜ್ಲಿಸಿನಲ್ಲಿ ಹಾಕದ ಬೆರಳು

ಇದನ್ನು ಬರೆಯಲು ಕೂತು, ಚಹಾದ ನೆಪದಲ್ಲಿ ಎದ್ದು, ಮತ್ತೆ ಕೂರದೆ ವರ್ಷಗಳನ್ನೇ ತಳ್ಳಿದ್ದೇನೆ. ಈಗ ಕೂತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಯಾರ ಬಾಯಿಗೂ ಹೆದರಿ ಬರೆಯುತ್ತಿಲ್ಲ, ಯಾರ ಕನಿಕರವೂ ನನಗೆ ಬೇಡ. ನಾನು ಎಸ್ಸೆಸ್ಸೆಲ್ಸಿ ಓದಿ ಲೇಥ್ ಮುಂದೆ ಆಯುಸ್ಸು ಕಳೆದವನು. ತಪ್ಪು ಮಾಡಿದ್ದೇನೆ. ಅದಕ್ಕೆ ಬಣ್ಣ ಹಚ್ಚಲು ಬಂದವರನ್ನು ಹಿಂದೆಯೂ ಓಡಿಸಿದ್ದೇನೆ, ಈಗಲೂ ಓಡಿಸುತ್ತೇನೆ.

ದುಬೈಯಲ್ಲಿ ಮೆಟ್ರೋ ಇನ್ನೂ ಹೊಸದಾಗಿದ್ದ ವರ್ಷಗಳು. ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ಸಾಲಿನಲ್ಲಿ ನಮ್ಮ ವರ್ಕ್‌ಶಾಪ್. ಮಾಲೀಕರು ಭಟ್ಕಳದವರು. ಅರಬರ ಮನೆಗಳಲ್ಲಿದ್ದ ಅಜ್ಜಂದಿರ ಕಾಲದ ವಸ್ತುಗಳನ್ನು ಸರಿಮಾಡಿ ಕೊಡುವುದು ಕೆಲಸ. ಹೆಚ್ಚಿನವು ಕೋವಿಗಳು, ಒಮ್ಮೆಗೆ ಒಂದೇ ತೋಟೆ ಹಿಡಿಯುವಂಥವು. ಕೆಳಗಿನ ಲಿವರ್ ಎಳೆದರೆ ತೋಟೆ ಕೂರುವ ಗೂಡು, ನಾವು ಚೇಂಬರ್ ಅನ್ನುವುದು, ಹಿಂಬದಿಯಿಂದ ತೆರೆದುಕೊಳ್ಳುತ್ತದೆ. ಕೆಲವರಿಗೆ ಗೋಡೆಯ ಅಂದಕ್ಕೆ ಬೇಕು. ಕೆಲವರಿಗೆ ಮದುವೆಯಲ್ಲಿ ಗುಂಡಿಲ್ಲದ ತೋಟೆ ಹಾಕಿ ಸದ್ದು ಮಾಡಬೇಕು. ಸರಕಾರದ ಕಾಗದ ಇಲ್ಲದೆ ಮಾಲೀಕರು ಒಂದನ್ನೂ ಒಳಗೆ ಬಿಡುತ್ತಿರಲಿಲ್ಲ.

ಅಲ್ಲಿ ಒಂದು ಪದ್ಧತಿಯಿತ್ತು, ಮಾಡಿದ್ದು ನಾನೇ. ಕೋವಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಕೊಡುವವನು ಲಿವರ್ ಎಳೆದು ತೋರಿಸಬೇಕು, ತೆಗೆದುಕೊಳ್ಳುವವನು ಚೇಂಬರಿಗೆ ಕಿರುಬೆರಳು ಹಾಕಿ ಸುತ್ತ ಸವರಬೇಕು. ‘ಖಾಲಿ’ ಎಂದು ಹೇಳಬೇಕಾದವನು ತೆಗೆದುಕೊಳ್ಳುವವನೇ. ಬಗ್ಗಿ ನೋಡಿದರೆ ಸಾಲದು. ಹಳೆಯ ಚೇಂಬರಿನಲ್ಲಿ ತುಕ್ಕು ತಿಂದ ಸಣ್ಣ ಗುಳಿಗಳಿರುತ್ತವೆ. ತೋಟೆಯ ಹಿತ್ತಾಳೆ ಅದಕ್ಕೆ ಕಚ್ಚಿಕೊಂಡರೆ, ಲಿವರ್ ಎಳೆದಾಗ ಹಿಂದಿನ ತುಂಡು ಮಾತ್ರ ಹರಿದು ಹೊರಬರುತ್ತದೆ. ಮುಂದಿನ ಭಾಗ ಬಳೆಯ ಹಾಗೆ ಒಳಗೇ ಕೂರುತ್ತದೆ. ಬಳೆಯ ನಡುವಿನಿಂದ ನಳಿಗೆಯ ಬೆಳಕು ಚೆನ್ನಾಗಿಯೇ ಕಾಣುತ್ತದೆ. ಅದರ ಅಂಚು ಬೆರಳಿಗೆ ಮಾತ್ರ ಸಿಗುತ್ತದೆ.

ನನ್ನ ಪಕ್ಕದ ಬೆಂಚಿನಲ್ಲಿದ್ದವರು ನನ್ನ ತಂಗಿಯ ಗಂಡ. ವೀಸಾ ಮಾಡಿಸಿ ಕರೆತಂದದ್ದು ನಾನು. ನಮ್ಮ ಕಡೆ ಅವರಿಗೆ ನಾನು ಭಾವ, ನನಗೆ ಅವರು ಭಾವ. ಮಾಲೀಕರಿಗೆ ಅದೇ ತಮಾಷೆ. “ಒಬ್ಬ ಭಾವನನ್ನು ಕರೆದ್ರೆ ಇಬ್ಬರೂ ತಿರುಗಿ ನೋಡ್ತೀರಿ. ಕೆಲಸ ಹೇಳಿದ್ರೆ ಮಾತ್ರ ಒಬ್ಬನೂ ಇಲ್ಲ!”

ಒಂದು ದಿನ ಮಿರ್ದಿಫ್‌ನ ವಿಲ್ಲಾ ಒಂದರಿಂದ ಫೋನು ಬಂತು. ನಾವು ಸರಿಮಾಡಿ ಕೊಟ್ಟಿದ್ದ ಕೋವಿಯಲ್ಲಿ ಅವರು ಸದ್ದಿನ ತೋಟೆ ಹೊಡೆದು ನೋಡಿದ್ದರು. ಆಮೇಲೆ ಹೊಸ ತೋಟೆ ಹಾಕಿದರೆ ಲಿವರ್ ಪೂರ್ತಿ ಮುಚ್ಚುತ್ತಿಲ್ಲ. ಮರುದಿನ ಮನೆಯಲ್ಲಿ ಮೊಮ್ಮಗನ ಮದುವೆ, ಮೊದಲ ಈಡು ಅಜ್ಜನದು.

ನಾವಿಬ್ಬರೂ ಹೋದೆವು. ಬಂದವರನ್ನು ಕೂರಿಸುವ ಮಜ್ಲಿಸಿನ ತುಂಬ ನೆಂಟರು. ಅರಬರ ಕಾಫಿ, ಗಹ್ವಾ ಕೊಟ್ಟು ಕೂರಿಸಿದರು. ಅಜ್ಜ ತಮ್ಮ ಕೈಯಾರೆ ಕೋವಿ ತೆರೆದು, ಬೆಳಕಿಗೆ ಹಿಡಿದು ನೋಡಿ, “ಮಾಫಿ, ಮಾಫಿ” ಎಂದು ಒಳಗೆ ಏನೂ ಇಲ್ಲವೆಂದು ತೋರಿಸಿ ನನಗೆ ಕೊಟ್ಟರು. ನಾನೂ ಬೆಳಕಿಗೆ ಹಿಡಿದೆ. ದುಂಡನೆಯ ಬೆಳಕು ಕಂಡಿತು. “ಖಾಲಿ” ಎಂದೆ. ಬೆರಳು ಹಾಕಲಿಲ್ಲ. ಲಿವರಿಗೆ ಎಣ್ಣೆ ಬಿಡಿ ಎಂದು ಭಾವನಿಗೆ ದಾಟಿಸಿದೆ.

ಭಾವ ಕಿರುಬೆರಳು ಒಳಗೆ ಹಾಕಿದರು.

“ಬೇಡ ಭಾವ,” ಮೆಲ್ಲಗೆ ಅಂದೆ. “ಅಜ್ಜ ಇಲ್ಲ ಅಂತ ಹೇಳಿ ಆಯ್ತು. ಅವರ ಎದುರೇ ಪುನಃ ನೋಡುದು ಮರ್ಯಾದೆ ಅಲ್ಲ.”

“ರೂಲ್ ನಿಮ್ಮದೇ ಅಲ್ವಾ? ಅಜ್ಜನಿಗೆ ಬೇರೆ ರೂಲ್ ಉಂಟಾ?” ಅಂದವರ ನಗು ಅಲ್ಲಿಗೇ ನಿಂತಿತು. “ಅಂಚು ಸಿಕ್ತಾ ಉಂಟು ಭಾವ. ಹರಿದ ತೋಟೆ ಒಳಗೇ ಕೂತಿದೆ.”

“ಅದು ಪಾಲಿಶಿನ ಗೆರೆ. ಕೊಡಿ ಇಲ್ಲಿ.”

“ಕೊಡುದಿಲ್ಲ. ನಾಳೆ ಇವರು ಒತ್ತಿ ಮುಚ್ಚಿ ಹೊಡೀತಾರೆ. ಬೆಂಕಿ ಹಿಂದೆ ಬಂದ್ರೆ ಅಜ್ಜನ ಕಣ್ಣು ಹೋಗ್ತದೆ.”

“ಶೂ ಮುಶ್ಕಿಲ್?” ಏನು ತೊಂದರೆ ಎಂದು ಮನೆಯ ಮಗ ಕೇಳಿದ. “ಮಾಫಿ ಮುಶ್ಕಿಲ್” ಎಂದು ಅವನಿಗೆ ನಕ್ಕು, ಭಾವನ ಕಡೆ ತಿರುಗಿದೆ. “ಬಿಡೋ! ನಿನಗೆ ಎಂತ ಗೊತ್ತುಂಟು?” ಆವರೆಗೆ ತಂಗಿಯ ಗಂಡನಿಗೆ ಏಕವಚನ ಹಾಕಿದವನಲ್ಲ ನಾನು.

ಭಾವ ಕೋವಿಯನ್ನು ಎದೆಗೊತ್ತಿಕೊಂಡು ಎದ್ದು ನಿಂತರು. “ವರ್ಕ್‌ಶಾಪಿಗೆ ತಗೊಂಡು ಹೋಗುವಾ. ಇಲ್ಲಿ ಬಿಟ್ಟು ನಾನು ಬರುದಿಲ್ಲ.” ತಾವು ಇಲ್ಲ ಎಂದ ಮೇಲೂ ಬೆರಳು ಹಾಕಿದ್ದಲ್ಲದೆ ತಮ್ಮ ಕೋವಿಯನ್ನೇ ಹಿಡಿದು ನಿಂತವನನ್ನು ಕಂಡು ಅಜ್ಜ ಗಹ್ವಾದ ಬಟ್ಟಲು ಕೆಳಗಿಟ್ಟು ಮುಖ ತಿರುಗಿಸಿದರು. ಮಗ ನಮ್ಮ ಮಾಲೀಕರಿಗೆ ಫೋನು ಹಚ್ಚಿದ. ಮಾಲೀಕರು ಫೋನಿನಲ್ಲೇ ತಪ್ಪಾಯಿತೆಂದು ಬೇಡಿಕೊಂಡು, ಸಂಜೆಯೊಳಗೆ ಸರಿಮಾಡಿ ಕಳಿಸುವುದಾಗಿ ಒಪ್ಪಿಸಿದರು.

ಹಿರಿಯರ ಮರ್ಯಾದೆ ಎಂದೆನಲ್ಲ, ಅದು ಅರ್ಧ ಸುಳ್ಳು. ಆ ಚೇಂಬರನ್ನು ಪಾಲಿಶ್ ಮಾಡಿದವನು ನಾನು. ಗುಳಿಗಳು ಉಳಿದಿವೆ ಎಂದು ಗೊತ್ತಿದ್ದೂ ಸಾಕು ಎಂದು ಬಿಟ್ಟಿದ್ದೆ. ಬೆರಳಿಗೆ ಅಂಚು ಸಿಕ್ಕಿದರೆ ನನ್ನ ಕೆಲಸ ಅಷ್ಟು ಜನರ ನಡುವೆ ಬಯಲಾಗುತ್ತಿತ್ತು.

ವರ್ಕ್‌ಶಾಪಿಗೆ ಬಂದು, ಭಾವನನ್ನು ರೂಮಿಗೆ ಕಳಿಸಿ ಒಬ್ಬನೇ ಕೂತು ಆ ಹಿತ್ತಾಳೆ ಬಳೆಯನ್ನು ಎಳೆದು ತೆಗೆದೆ. ಗುಳಿಗಳನ್ನು ಈ ಸಲ ಸರಿಯಾಗಿ ತಿಕ್ಕಿದೆ. ಮಾಲೀಕರು ಬಂದು ಕೇಳಿದರು: “ಸಚ್ ಬೋಲೋ ಭಾಯ್, ಒಳಗೆ ಏನಾದ್ರೂ ಇತ್ತಾ?”

ಬಳೆ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. “ಏನೂ ಇಲ್ಲ. ಎಣ್ಣೆ ಒಣಗಿತ್ತು.”

“ಮತ್ತೆ ಅವನಿಗೆ ಯಾಕೆ ಬೇಕಿತ್ತು ಈ ತಮಾಷಾ? ಖಲಾಸ್. ವೀಸಾ ಕ್ಯಾನ್ಸಲ್.”

ಅಜ್ಜ ಮದುವೆಯಲ್ಲಿ ಈಡು ಹೊಡೆದರು, ಏನೂ ಆಗಲಿಲ್ಲ. ಭಾವ ಊರಿಗೆ ಹೋದರು.

ಆಮೇಲೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ನೆಂಟರ ಫ್ಲಾಟಿನಲ್ಲಿ ಒಂದು ಊಟ. “ಅವರ ಹಣೆಬರಹ, ನೀವೆಂತ ಮಾಡ್ಲಿಕ್ಕಾಗ್ತದೆ?” ಎಂದು ಒಬ್ಬರು ನನ್ನನ್ನು ಸಮಾಧಾನ ಮಾಡಿದರು. “ಹಣೆಬರಹ ಅಲ್ಲ, ನಾನು ಸುಳ್ಳು ಹೇಳಿದ್ದು” ಎಂದೆ. “ಸಾರು ಹಾಕ್ಕೊಳ್ಳಿ ಮಾರ್ರೆ, ತಣಿತಾ ಉಂಟು” ಅಂದರು ಅವರೇ. ನನ್ನ ಮಾತನ್ನು ಅಲ್ಲಿಂದಾಚೆ ಯಾರೂ ಒಯ್ಯಲಿಲ್ಲ. ಆ ಮನೆಯಲ್ಲಿ ಹೇಳಲು ಬಂದ ಧೈರ್ಯ ಮಾಲೀಕರ ಮುಂದೆ ಯಾಕೆ ಬರಲಿಲ್ಲ ಎಂದು ನೀವು ಕೇಳಬಹುದು. ಕೇಳಿ.

ಆಮೇಲಿನ ವರ್ಷಗಳಲ್ಲಿ ಬೆರಳು ಹಾಕದೆ ನನ್ನ ಕೈಯಿಂದ ಯಾರೂ ಕೋವಿ ಒಯ್ಯಲಿಲ್ಲ. ದೊಡ್ಡ ಗಿರಾಕಿಯೊಬ್ಬರು ಆಗುವುದಿಲ್ಲ ಎಂದಾಗ ಕೋವಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, “ನನ್ನದೂ ವೀಸಾ ಕ್ಯಾನ್ಸಲ್ ಮಾಡಿ” ಎಂದು ಮಾಲೀಕರಿಗೆ ಹೇಳಿದೆ. ಗಿರಾಕಿಯೇ ಬೆರಳು ಹಾಕಿದರು. ಗಟ್ಟಿ ಮನುಷ್ಯ ಎಂದು ನನಗೆ ಹೆಸರು ಬಂತು. ಆ ಹೆಸರು ಭಾವನದು.

ರಜೆಗೆ ಹೋದಾಗ ಭಾವನ ವೆಲ್ಡಿಂಗ್ ಅಂಗಡಿಗೆ ಹೋಗಿ, ಎಲ್ಲ ಹೇಳಿ ಕೈ ಮುಗಿದೆ. ಅವರು ಕನ್ನಡಕ ಹಣೆಗೇರಿಸಿದರು. “ಬಿಡಿ ಭಾವ. ಅಜ್ಜನ ಕಣ್ಣು ಉಳೀತಲ್ಲ. ಆವತ್ತು ಹೋದದ್ದು ನಿಮ್ಮದು ಮಾತ್ರ.” ಅವರ ಲೆಕ್ಕ ಅಷ್ಟಕ್ಕೇ ಮುಗಿಯಿತು.

ಆದರೆ ಅವರು ಊರು ಸೇರಿದ ವಾರ ಅವರ ಹೆಂಡತಿ ನನಗೆ ಫೋನು ಮಾಡಿದ್ದಳು. “ಅಣ್ಣ, ಇವರು ಎಂತದೋ ಹಿತ್ತಾಳೆ ಬಳೆಯ ಕಥೆ ಹೇಳ್ತಾರೆ. ನನಗೆ ಯಾವುದೂ ತಲೆಗೆ ಹೋಗುದಿಲ್ಲ. ನೀನು ಹೇಳು, ನೀನು ಹೇಳಿದ್ದನ್ನು ನಂಬ್ತೇನೆ.” ನಾನು ಹೇಳಿದೆ: “ಬಳೆಯೂ ಇಲ್ಲ, ಎಂತದೂ ಇಲ್ಲ. ದೊಡ್ಡವರ ಎದುರು ಮರ್ಯಾದೆ ತಪ್ಪಿದ್ರು.” ಅವಳು ನಂಬಿದಳು. ಅಣ್ಣ ಕೊಡಿಸಿದ ಕೆಲಸ ಉಳಿಸಿಕೊಳ್ಳಲಾಗದ ಸುಳ್ಳುಗಾರ ಎಂದು ಗಂಡನಿಗೆ ನೆಂಟರೆದುರೇ ಅಂದಳು, ಎಷ್ಟೋ ವರ್ಷ ಅಂದಳು. ನಾನು ಕೈ ಮುಗಿದು ಬಂದ ಸಂಗತಿಯನ್ನು ಭಾವ ಅವಳಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಈಗಲೂ ನಾನು ಹೋದರೆ ಊಟಕ್ಕೆ ಮೊದಲು ನನಗೆ ಬಡಿಸಿ, ಆಮೇಲೆ ಗಂಡನಿಗೆ ಬಡಿಸುತ್ತಾಳೆ. ನಾನು ಇಂದಿನವರೆಗೂ ಕ್ಷಮೆ ಕೇಳದೆ ಉಳಿದದ್ದು ಅವಳಲ್ಲಿ, ನನ್ನ ತಂಗಿಯಲ್ಲಿ.